ಎದುರು ದಡದಿಂದ ಆಳಿಸಿಕೊಂಡ ದ್ವೀಪಗಳು: ಲಕ್ಷದ್ವೀಪ ಮತ್ತು ನಮ್ಮ ಮಂಗಳೂರು

(ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಹಳೇ ಬಂದರಿನ ಕಡೆ ಹೋದವರೆಲ್ಲ ಮಂಜಿಗಳಿಗೆ, ಅಂದರೆ ಮರದ ಸರಕು ಹಡಗುಗಳಿಗೆ, ಸರಕು ತುಂಬುವುದನ್ನು ನೋಡಿರುತ್ತೀರಿ. ಸಿಮೆಂಟಿನ ಮೂಟೆ, ಜಲ್ಲಿ, ಕಬ್ಬಿಣದ ಸರಳು, ಅಕ್ಕಿ, ಈರುಳ್ಳಿ, ತರಕಾರಿ. ಇದೆಲ್ಲ ಎಲ್ಲಿಗೆ ಎಂದು ಕೇಳಿದರೆ ‘ದ್ವೀಪಕ್ಕೆ’ ಎನ್ನುತ್ತಾರೆ. ನಾವೂ ಮುಂದೆ ಕೇಳುವುದಿಲ್ಲ. ಆದರೆ ಆ ದ್ವೀಪಗಳಲ್ಲಿ ಐದು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ, 1799ರಿಂದ 1956ರವರೆಗೆ ನಮ್ಮ ಜಿಲ್ಲೆಯದೇ ಭಾಗವಾಗಿದ್ದವು. ನೂರೈವತ್ತೇಳು ವರ್ಷ ಅವುಗಳ ಕಲೆಕ್ಟರ್ ಕುಳಿತದ್ದು ಇದೇ ಊರಿನಲ್ಲಿ. ಈ ಐದಕ್ಕೆ ಇದ್ದ ಒಟ್ಟು ಹೆಸರು, ಅಮಿನ್‌ದಿವಿ ದ್ವೀಪಗಳು, ಎಂದರೆ ಹಿಂದಿನ ದಕ್ಷಿಣ ಕನ್ನಡದ ಕಂದಾಯ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಈಗ ನಮ್ಮ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ಲಕ್ಷದ್ವೀಪದ ಭೂಗೋಳ, ದುಡಿಮೆ, ಆಡಳಿತ ಮೂರನ್ನೂ ಅರ್ಥ ಮಾಡಿಕೊಳ್ಳಬೇಕಾದರೆ ಹಡಗಿನಿಂದ ಶುರು ಮಾಡಬೇಕು. ಹಡಗು ಯಾರ ಕೈಯಲ್ಲಿದೆಯೋ ದ್ವೀಪ ಅವರ ಕೈಯಲ್ಲಿದೆ. ಆ ಕೈ ಯಾವ ಕಾಲದಲ್ಲೂ ಎದುರು ದಡದ್ದೇ ಆಗಿತ್ತು.

ಮೊದಲು ನೆಲದ ವಿಚಾರ. ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ನಮ್ಮ ಮಹಾನಗರಪಾಲಿಕೆಯ ವ್ಯಾಪ್ತಿಯ ಸುಮಾರು ಕಾಲು ಭಾಗ. ಲೆಕ್ಕಕ್ಕೆ 36 ದ್ವೀಪಗಳು. ಅದರಲ್ಲಿ ಬಂಗಾರಂ ಬಳಿಯ ಪರಾಲಿ ಎಂಬ ಪುಟ್ಟ ದ್ವೀಪ ಕೊರೆತದಿಂದ ಸಮುದ್ರದ ಪಾಲಾಗಿದೆ. ಜನ ನೆಲೆಸಿರುವುದು 10 ದ್ವೀಪಗಳಲ್ಲಿ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 64,473. ಇಷ್ಟು ಕೇಳಿದರೆ ಬಹಳ ಚಿಕ್ಕದು ಎನಿಸುತ್ತದೆ. ಈಗ ಸಮುದ್ರದ ಲೆಕ್ಕ ನೋಡಿ. ಈ ತುಣುಕುಗಳಿಂದಾಗಿ ಭಾರತಕ್ಕೆ ಹಕ್ಕಿರುವ ಆರ್ಥಿಕ ವಲಯದ ಸಮುದ್ರ ಸುಮಾರು 4 ಲಕ್ಷ ಚದರ ಕಿಲೋಮೀಟರ್. ಇಡೀ ಕರ್ನಾಟಕದ ಎರಡು ಪಟ್ಟು! ದಿಲ್ಲಿಗೆ ಈ ದ್ವೀಪಗಳ ಮೇಲೆ ಯಾಕಿಷ್ಟು ಕಣ್ಣು ಎಂದು ಯಾರಾದರೂ ಕೇಳಿದರೆ ಈ ಒಂದು ಅಂಕಿ ಸಾಕು. ಪಶ್ಚಿಮ ಏಷ್ಯಾದಿಂದ ಪೂರ್ವಕ್ಕೆ ಹೋಗುವ ಹಡಗುಗಳಲ್ಲಿ ಹೆಚ್ಚಿನವು ಮಿನಿಕಾಯ್‌ನ ಉತ್ತರಕ್ಕಿರುವ ಒಂಬತ್ತು ಡಿಗ್ರಿ ಕಾಲುವೆಯಲ್ಲೇ ಸಾಗುತ್ತವೆ. ಮಿನಿಕಾಯ್‌ನ ದೀಪಸ್ತಂಭ 1885ರಿಂದ ನಿಂತಿರುವುದೂ ಅದಕ್ಕೇ.

ಇವು ಹವಳದ ದ್ವೀಪಗಳು. ಮುಳುಗುತ್ತಾ ಹೋದ ಜ್ವಾಲಾಮುಖಿಯ ಸುತ್ತ ಹವಳ ಬೆಳೆಯುತ್ತಾ ಮೇಲೆ ಬಂದು, ಕೊನೆಗೆ ಬೆಟ್ಟ ಕಾಣೆಯಾಗಿ ಹವಳದ ಉಂಗುರವಷ್ಟೇ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ವಿವರಿಸಿದ್ದ. ನಮ್ಮ ಈ ದ್ವೀಪಗಳಲ್ಲಿ ಹೆಚ್ಚಿನವುಗಳ ನೆಲ ಉಂಗುರದ ಪೂರ್ವ ಅಂಚಿನಲ್ಲಿದೆ, ಪಶ್ಚಿಮಕ್ಕೆ ಲಗೂನ್, ಅಂದರೆ ಹವಳದ ಉಂಗುರದೊಳಗಿನ ಆಳವಿಲ್ಲದ ನೀರು. ಮುಂಗಾರಿನ ಅಲೆ ಬಂದು ಹೊಡೆಯುವುದು ಪಶ್ಚಿಮದಿಂದ. ಅಲೆ ಹೊರಗಿನ ಹವಳದ ದಿಬ್ಬಕ್ಕೆ ಬಡಿದು ಒಡೆಯುತ್ತದೆ, ಒಳಗಿನ ನೀರು ಶಾಂತವಾಗಿರುತ್ತದೆ, ಅದರ ಹಿಂದೆ ಊರು. ಹವಳ ಸತ್ತರೆ ಊರಿಗೆ ಗೋಡೆಯೇ ಇಲ್ಲ. 1998ರಲ್ಲಿ, 2010ರಲ್ಲಿ, 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಹವಳ ಬಿಳಿಚಿಕೊಂಡಿತು. ಸೌಂದರ್ಯ ಹೋಯಿತು ಎಂದು ಪ್ರವಾಸಿಗರು ಮರುಗುತ್ತಾರೆ. ದ್ವೀಪದವರಿಗೆ ಅದು ನೆಲ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ.

ಹವಳ ಎಂದ ಮೇಲೆ ನಮ್ಮ ಜಲ್ಲಿಯ ವಿಷಯಕ್ಕೆ ಬರಬೇಕು. ಹಿಂದೆ ಅಲ್ಲಿ ಮನೆ ಕಟ್ಟುತ್ತಿದ್ದದ್ದು ಹವಳದ ಕಲ್ಲಿನಿಂದ, ಸುಣ್ಣವೂ ಹವಳದ್ದೇ. ಈಗ ಹವಳ ಒಡೆಯುವಂತಿಲ್ಲ, ಕಡಲ ಮರಳು ಎತ್ತುವಂತಿಲ್ಲ. ಅದು ಸರಿಯೇ. ಆದ್ದರಿಂದ ಒಂದು ಶೌಚಾಲಯ ಕಟ್ಟಬೇಕಾದರೂ ಕಲ್ಲು, ಮರಳು, ಸಿಮೆಂಟು ಎಲ್ಲ ಮಂಗಳೂರಿನಿಂದಲೋ ಕೇರಳದ ಬೇಪೂರು ಬಂದರಿನಿಂದಲೋ ಕಡಲು ದಾಟಿ ಹೋಗಬೇಕು. ಇಲ್ಲಿ ಲಾರಿಗೆ ಹೇರಿ, ಬಂದರಿನಲ್ಲಿ ಇಳಿಸಿ, ಮಂಜಿಗೆ ಹೇರಿ, ಅಲ್ಲಿ ಮತ್ತೆ ಇಳಿಸಿ ಹೊರಬೇಕು. ಆ ಮನೆಗೆ ಬೀಳುವ ಖರ್ಚನ್ನು ನೀವೇ ಊಹಿಸಿ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳು ಓಡುವುದೇ ಇಲ್ಲ.

ಇನ್ನು ನೀರು. ಅಲ್ಲಿ ಹೊಳೆ ಇಲ್ಲ, ತೋಡಿಲ್ಲ. ಮಳೆ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್, ನಮ್ಮ ಊರಿನ ಅರ್ಧಕ್ಕಿಂತ ಕಡಿಮೆ. ಆದರೂ ಸಾವಿರ ವರ್ಷಗಳಿಂದ ಜನ ಬದುಕಿದ್ದಾರೆ. ಹೇಗೆಂದರೆ, ಮಳೆಯ ನೀರು ಮರಳಿನಲ್ಲಿ ಇಂಗಿ ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ. ಹಾಲಿನ ಮೇಲೆ ಕೆನೆ ನಿಂತ ಹಾಗೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಬಾವಿ ಆಳವಿಲ್ಲ, ಸಮುದ್ರದ ಭರತ ಇಳಿತಕ್ಕೆ ಸರಿಯಾಗಿ ಬಾವಿಯ ನೀರೂ ಏರಿ ಇಳಿಯುತ್ತದೆ. ಕೊಡದಲ್ಲಿ ಸೇದಿದರೆ ಏನೂ ಆಗುವುದಿಲ್ಲ. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಬಾವಿ ಕೆಡುತ್ತದೆ. ಮನೆಮನೆಗೂ ಶೌಚದ ಗುಂಡಿ ಬಂದ ಮೇಲೆ ಅದರ ಕೊಳೆಯೂ ಇದೇ ತೆಳು ಪದರಕ್ಕೆ ಸೇರತೊಡಗಿತು. ಅದಕ್ಕೆ ಪರಿಹಾರವಾಗಿ 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕವರತ್ತಿಯಲ್ಲಿ ಒಂದು ಘಟಕ ಹಾಕಿತು. ಮೇಲಿನ ಬೆಚ್ಚನೆಯ ಸಮುದ್ರದ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ನೂರಾರು ಮೀಟರ್ ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಂಪಾಗಿಸಿ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ತೆಗೆಯುವ ಏರ್ಪಾಡು. ಆಮೇಲೆ ಮಿನಿಕಾಯ್, ಅಗತ್ತಿ ಮುಂತಾದ ಕಡೆಗೂ ಬಂತು. ದ್ವೀಪಗಳಿಗೆ ಸರ್ಕಾರ ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಗೌರವವಿರುವುದು ಇದರ ಬಗ್ಗೆ. ದ್ವೀಪದ ಸುತ್ತ ಥಟ್ಟನೆ ಆಳವಾಗುವ ಕಡಲನ್ನೇ ಅದು ಬಳಸಿಕೊಂಡಿತು.

ಈಗ ಹಳೆಯ ಕಥೆ. ದ್ವೀಪದಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಊಟಕ್ಕೆ ಅಕ್ಕಿ ಬೇಕು. ಹಾಗಾಗಿ ತೆಂಗಿನ ನಾರು ಕೊಟ್ಟು ಅಕ್ಕಿ ತರಬೇಕು. ಇಡೀ ದ್ವೀಪಸಮೂಹದ ಇತಿಹಾಸ ಈ ಒಂದು ವಿನಿಮಯದ ಸುತ್ತ ತಿರುಗುತ್ತದೆ. ಗಂಡಸರು ಹಗ್ಗದ ಹುರಿಯನ್ನು ಓಡಂ ಎಂಬ ತಮ್ಮದೇ ಹಾಯಿ ದೋಣಿಯಲ್ಲಿ ಹೇರಿಕೊಂಡು ದಡಕ್ಕೆ ಬರುತ್ತಿದ್ದರು, ಅಕ್ಕಿ ಕೊಂಡು ಹೋಗುತ್ತಿದ್ದರು. ಹುರಿ ತಯಾರಿಸುತ್ತಿದ್ದವರು ಹೆಂಗಸರು. ಸಿಪ್ಪೆಯನ್ನು ಲಗೂನಿನ ಮರಳಿನಲ್ಲಿ ಗುಂಡಿ ತೋಡಿ ತಿಂಗಳುಗಟ್ಟಲೆ ಹೂತು, ಮೇಲೆ ಹವಳದ ಕಲ್ಲು ಹೇರಿ, ಕೊಳೆತ ಮೇಲೆ ತೆಗೆದು ಕೊಡತಿಯಿಂದ ಬಡಿದು, ತೊಡೆಯ ಮೇಲೋ ಅಂಗೈಯಲ್ಲೋ ಹೊಸೆದು ಮಾಡಿದ ಹುರಿ. ಉಪ್ಪುನೀರಿನಲ್ಲಿ ಕೊಳೆಸಿದ ನಾರಿಗೆ ಹಡಗು ಕಟ್ಟುವವರಲ್ಲಿ ಒಳ್ಳೆಯ ಬೇಡಿಕೆ ಇತ್ತು.

ಆ ಕಾಲದಲ್ಲಿ ದ್ವೀಪಗಳ ಒಡೆತನ ಕಣ್ಣೂರಿನ ಅರಕ್ಕಲ್ ಮನೆತನದ್ದು. ಅವರು ಹುರಿಯನ್ನು ಏಕಸ್ವಾಮ್ಯ ಮಾಡಿಕೊಂಡರು. ಹುರಿಯನ್ನು ಅವರಿಗೇ, ಅವರು ಹೇಳಿದ ಬೆಲೆಗೇ ಕೊಡಬೇಕು. ಅಮಿನಿಯವರಿಗೆ ಇದು ಸಾಕಾಗಿಹೋಯಿತು. 1780ರ ದಶಕದಲ್ಲಿ ಅವರ ಮುಖಂಡರು ಕಡಲು ದಾಟಿ ಟಿಪ್ಪು ಸುಲ್ತಾನನ ಬಳಿಗೆ ಬಂದು, ನಮ್ಮನ್ನು ನೀವೇ ನೋಡಿಕೊಳ್ಳಿ ಎಂದರು. ಟಿಪ್ಪು ಅರಕ್ಕಲ್ ಬೀಬಿಗೆ, ಅಂದರೆ ಆ ಮನೆತನದ ಒಡತಿಗೆ, ಬದಲಿ ಭೂಮಿ ಕೊಟ್ಟು ಐದು ದ್ವೀಪಗಳನ್ನು ತೆಗೆದುಕೊಂಡ. ಹೀಗೆ ಅಮಿನಿ ಗುಂಪು ಮಂಗಳೂರಿಗೆ ಸೇರಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಆದರೆ ಕಂಪನಿಯವರು ಹುರಿಯ ಏಕಸ್ವಾಮ್ಯ ಬಿಡಲಿಲ್ಲ. ಮಂಗಳೂರಿಗೆ ಹುರಿ ತಂದು ಸರ್ಕಾರಕ್ಕೆ ಕೊಡುವುದು, ಸರ್ಕಾರ ಗೊತ್ತುಮಾಡಿದ ದರಕ್ಕೆ ಅಕ್ಕಿ ಮತ್ತು ಹಣ ಪಡೆಯುವುದು. ಒಡೆಯ ಬದಲಾದ, ತಕ್ಕಡಿ ಅದೇ ಉಳಿಯಿತು.

ದಕ್ಷಿಣದ ದ್ವೀಪಗಳ ಕಥೆ ಇನ್ನೂ ದುಃಖದ್ದು. 1847ರಲ್ಲಿ ಒಂದು ಭಾರೀ ಚಂಡಮಾರುತ ಆಂಡ್ರೋತ್ ಮತ್ತು ಕಲ್ಪೇನಿಯನ್ನು ಹೊಡೆದು ಹಾಕಿತು. ತೆಂಗಿನ ಮರಗಳು ಸಾಲುಸಾಲಾಗಿ ಉರುಳಿದವು. ಮಲಬಾರಿನ ಅಧಿಕಾರಿ ವಿಲಿಯಂ ರಾಬಿನ್ಸನ್ ಹೋಗಿ ನೋಡಿ ಬಂದ. ಪರಿಹಾರಕ್ಕೆಂದು ಕಂಪನಿ ಕಣ್ಣೂರಿನವರಿಗೆ ಸಾಲ ಕೊಟ್ಟಿತು. ಬಡ್ಡಿ ಬೆಳೆಯಿತು, ಕಪ್ಪದ ಬಾಕಿ ಬೆಳೆಯಿತು, ಕೊನೆಗೆ ಬಾಕಿಗಾಗಿ ದ್ವೀಪಗಳನ್ನೇ ಜಪ್ತಿ ಮಾಡಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ಅವನ್ನು ಪೂರ್ತಿ ಬರೆಸಿಕೊಂಡರು. ಗಾಳಿಗೆ ಮರ ಕಳೆದುಕೊಂಡವರು ದ್ವೀಪದ ಜನ. ಸಾಲಗಾರ, ಸಾಲ ಕೊಟ್ಟವ ಇಬ್ಬರೂ ದಡದಲ್ಲಿದ್ದವರು.

ನಮ್ಮ ಕಡೆಯ ಐದು ದ್ವೀಪಗಳಿಗೆ ಅಮಿನಿಯಲ್ಲಿ ಒಬ್ಬ ಮಣೆಗಾರ ಇರುತ್ತಿದ್ದ. ಕಂದಾಯವೂ ಅವನದೇ, ಸಣ್ಣಪುಟ್ಟ ನ್ಯಾಯವೂ ಅವನದೇ. ಜೊತೆಗೆ ಊರಿನ ಹಿರಿಯ ಮನೆತನಗಳ ಕಾರಣವರ, ಅಂದರೆ ಯಜಮಾನರ, ಸಭೆ. ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ದ್ವೀಪದಲ್ಲಿ ತೆಂಗಿಗೆ ದೊಡ್ಡ ಶತ್ರು ಇಲಿ. ಮರದಿಂದ ಮರಕ್ಕೆ ಗರಿಯ ಮೇಲೇ ಓಡಾಡಿ ಎಳೆಗಾಯಿ ಕೊರೆಯುತ್ತದೆ. ಆದ್ದರಿಂದ ಗೊತ್ತಾದ ದಿನ ಊರಿನ ಗಂಡಸರೆಲ್ಲ ಸೇರಿ ಇಲಿ ಬೇಟೆಗೆ ಹೋಗಬೇಕಿತ್ತು. ಕೆಲವರು ಮರ ಹತ್ತಿ ಅಲುಗಿಸುವುದು, ಉಳಿದವರು ಕೆಳಗೆ ದೊಣ್ಣೆ ಹಿಡಿದು ನಿಲ್ಲುವುದು. ಅವತ್ತೇ ಊರಿನ ಸಭೆಯೂ ನಡೆಯುತ್ತಿತ್ತು. ನನಗೆ ಇದು ಬಹಳ ಇಷ್ಟವಾದ ವಿಷಯ. ಎಲ್ಲರ ಬೆಳೆಗೂ ಇರುವ ಅಪಾಯವನ್ನು ತಡೆಯುವ ಕೆಲಸವನ್ನು ಎಲ್ಲರೂ ಸೇರಿ ಮಾಡುವುದು, ಅಲ್ಲೇ ಕುಳಿತು ಊರಿನ ಮಾತು ಆಡುವುದು. ಸ್ಥಳೀಯ ಸರ್ಕಾರಕ್ಕೆ ಇದಕ್ಕಿಂತ ಗಟ್ಟಿಯಾದ ಬುನಾದಿ ಬೇಕೆ?

ಆಸ್ತಿಯ ವಿಚಾರದಲ್ಲೂ ಅವರದ್ದೇ ಆದ ಬುದ್ಧಿವಂತಿಕೆ ಇದೆ. ಲಕ್ಷದ್ವೀಪದವರು ಬಹುತೇಕ ಎಲ್ಲರೂ ಮುಸ್ಲಿಮರು, ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡಕ್ಕೆ ಸೇರಿದವರು, ಜೊತೆಗೆ ಅಳಿಯಕಟ್ಟಿನವರು, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವವರು. ತುಳುನಾಡಿನ ನಿಮಗೆ ಅಳಿಯಕಟ್ಟನ್ನು ನಾನು ವಿವರಿಸಬೇಕಾಗಿಲ್ಲ. ತರವಾಡಿನ, ಅಂದರೆ ಕೂಡುಕುಟುಂಬದ, ಹಳೆಯ ಆಸ್ತಿಯನ್ನು ಅವರು ಶುಕ್ರವಾರದ ಆಸ್ತಿ ಎನ್ನುತ್ತಾರೆ. ಅದು ತಾಯಿಯ ಕಡೆಯಿಂದ ಇಳಿದು ಬರುತ್ತದೆ, ಪಾಲಾಗುವುದಿಲ್ಲ. ಒಬ್ಬ ತಾನೇ ದುಡಿದು ಗಳಿಸಿದ್ದು ಸೋಮವಾರದ ಆಸ್ತಿ. ಅದು ಶರೀಅತ್ತಿನಂತೆ ಮಕ್ಕಳಿಗೆ ಹೋಗುತ್ತದೆ. ಮದುವೆಯಾದ ಹೆಣ್ಣು ತನ್ನ ತಾಯಿಯ ಮನೆಯಲ್ಲೇ ಉಳಿಯುತ್ತಿದ್ದಳು, ಗಂಡ ರಾತ್ರಿ ಬಂದು ಬೆಳಗ್ಗೆ ತನ್ನ ತರವಾಡಿಗೆ ಹೋಗುತ್ತಿದ್ದ. ಈಗ ಈ ಪದ್ಧತಿ ಸಡಿಲವಾಗಿದೆ, ಸೋಮವಾರದ ಆಸ್ತಿ ಹೆಚ್ಚುತ್ತಿದೆ. ಆದರೂ ನೆನಪಿಡಿ: ಕೈಯಗಲದ ನೆಲ ಪೀಳಿಗೆಯಿಂದ ಪೀಳಿಗೆಗೆ ಚೂರುಚೂರಾಗದೆ ಉಳಿದದ್ದು, ಗಂಡಸರು ತಿಂಗಳುಗಟ್ಟಲೆ ಕಡಲಿನಲ್ಲಿದ್ದರೂ ಮನೆ ನಡೆದದ್ದು ಈ ಕಟ್ಟಿನಿಂದ.

ಮಿನಿಕಾಯ್ ಬೇರೆಯೇ ಲೋಕ. ಉಳಿದ ದ್ವೀಪಗಳಲ್ಲಿ ಆಡುವುದು ಜೆಸರಿ ಎಂಬ ಮಲಯಾಳದ ಬಗೆ, ಮಿನಿಕಾಯ್‌ನಲ್ಲಿ ಮಾಲ್ಡೀವ್ಸಿನ ಮಾತಿಗೆ ಹತ್ತಿರದ ಮಹಲ್. ಅಲ್ಲಿನ ಟ್ಯೂನಾ ಹಿಡಿಯುವ ಕ್ರಮವನ್ನು ನಮ್ಮ ಮೀನುಗಾರ ಬಂಧುಗಳು ಗಮನವಿಟ್ಟು ಕೇಳಬೇಕು. ಬೆಳಗ್ಗೆ ಲಗೂನಿನಲ್ಲಿ ಬಲೆ ಹಾಕಿ ಬೆರಳುದ್ದದ ಮೀನು ಹಿಡಿಯುತ್ತಾರೆ. ಅದನ್ನು ದೋಣಿಯೊಳಗೆ ಸಮುದ್ರದ ನೀರು ಹರಿದಾಡುವ ತೊಟ್ಟಿಯಲ್ಲಿ ಜೀವಂತ ಇಡುತ್ತಾರೆ. ಹಿಂಡು ಕಂಡಾಗ ಅದನ್ನು ಕಡಲಿಗೆ ಎರಚಿ, ಮೇಲಿಂದ ನೀರು ಚಿಮುಕಿಸುತ್ತಾರೆ. ಟ್ಯೂನಾ ಮುಗಿಬೀಳುತ್ತದೆ. ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಂತವರ ಕೈಯಲ್ಲಿ ಗಳ, ಗಳದ ತುದಿಯಲ್ಲಿ ಮುಳ್ಳಿಲ್ಲದ ಕೊಕ್ಕೆ. ಮೀನು ಕಚ್ಚಿದ ಕೂಡಲೇ ಎತ್ತಿ ಬೀಸಿದರೆ ಅದು ತಲೆಯ ಮೇಲಿಂದ ಹಾರಿ ದೋಣಿಯೊಳಗೆ ಬಿದ್ದು ತಾನಾಗಿ ಕಳಚಿಕೊಳ್ಳುತ್ತದೆ. ಒಂದೊಂದಾಗಿ ಹಿಡಿಯುವ ಮೀನುಗಾರಿಕೆ ಇದು. ಆಮೆ ಸಿಕ್ಕಿಬೀಳುವುದಿಲ್ಲ. ಹಿಡಿದದ್ದನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಮರದ ತುಂಡಿನಷ್ಟು ಗಟ್ಟಿಯಾದ ‘ಮಾಸ್’ ಮಾಡುತ್ತಾರೆ. ಐಸು, ಕರೆಂಟು ಎರಡೂ ಇಲ್ಲದೆ ತಿಂಗಳುಗಟ್ಟಲೆ ಇಡಬಹುದು.

ಅದೇ ಊರಿನ ಅಲಿ ಮಾಣಿಕ್‌ಫಾನ್ ಬಗ್ಗೆ ಒಂದು ಮಾತು. ಶಾಲೆಯ ಓದು ಕಡಿಮೆ, ಆದರೆ ಕಡಲ ಮೀನುಗಳ ತಿಳಿವಳಿಕೆ ಎಂಥದ್ದೆಂದರೆ ವಿಜ್ಞಾನಿಗಳು ಒಂದು ಮೀನಿಗೆ ಅವರ ಹೆಸರಿಟ್ಟರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದ್ವೀಪದವರಿಗೆ ಅಭಿವೃದ್ಧಿ ಕಲಿಸಲು ಹೊರಡುವವರು ಮೊದಲು ಇಂಥವರ ಎದುರು ಕುಳಿತು ಕೇಳಬೇಕು.

ಇನ್ನು ಇವತ್ತಿನ ಆಡಳಿತ. 1956ರ ನವೆಂಬರ್ 1ರಂದು, ಅಂದರೆ ನಮ್ಮ ರಾಜ್ಯ ಹುಟ್ಟಿದ ದಿನವೇ, ಮಂಗಳೂರಿನ ಐದು ಮತ್ತು ಮಲಬಾರಿನ ಐದು ದ್ವೀಪಗಳನ್ನು ಸೇರಿಸಿ ಕೇಂದ್ರಾಡಳಿತ ಪ್ರದೇಶ ಮಾಡಿದರು. ಆದರೆ ಅದರ ರಾಜಧಾನಿ ಎಲ್ಲಿತ್ತು ಗೊತ್ತೆ? ಕೋಝಿಕ್ಕೋಡಿನಲ್ಲಿ! 1964ರಲ್ಲಿ ಕವರತ್ತಿಗೆ ಹೋಯಿತು. 1973ರಲ್ಲಿ ಲಕ್ಷದ್ವೀಪ ಎಂಬ ಹೆಸರು ಬಂತು. ವಿಧಾನಸಭೆ ಇಲ್ಲ. ಕೇಂದ್ರ ನೇಮಿಸುವ ಅಡ್ಮಿನಿಸ್ಟ್ರೇಟರ್ ಆಳುತ್ತಾರೆ. ಸಂವಿಧಾನದ 240ನೇ ವಿಧಿಯಂತೆ ರಾಷ್ಟ್ರಪತಿಗಳ ಹೆಸರಿನಲ್ಲಿ ಬರುವ ರೆಗ್ಯುಲೇಷನ್‌ಗಳೇ ಕಾಯಿದೆ. ಹೈಕೋರ್ಟು ಕೇರಳದ್ದು. ಜನರು ಆರಿಸುವ ಸಂಸದ ಒಬ್ಬರು. 1967ರವರೆಗೆ ಅದೂ ಇರಲಿಲ್ಲ, ರಾಷ್ಟ್ರಪತಿಗಳೇ ನಾಮನಿರ್ದೇಶನ ಮಾಡುತ್ತಿದ್ದರು. ಆ ವರ್ಷ ಗೆದ್ದ ಪಿ.ಎಂ. ಸಯೀದ್ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಓದಿದವರು. ಸತತ ಹತ್ತು ಸಲ ಗೆದ್ದು ಲೋಕಸಭೆಯ ಡೆಪ್ಯುಟಿ ಸ್ಪೀಕರ್ ಆದರು. 2004ರಲ್ಲಿ ಸೋತದ್ದು ಬರೀ 71 ಮತಗಳಿಂದ. ಅಷ್ಟು ಚಿಕ್ಕ ಕ್ಷೇತ್ರ, ಅಷ್ಟು ಬೆಲೆಯ ಮತ. 2024ರಲ್ಲಿ ಅವರ ಮಗ ಗೆದ್ದಿದ್ದಾರೆ.

ಸಂಸದರ ಕೆಳಗೆ ಜನರದ್ದು ಎನ್ನಬಹುದಾಗಿದ್ದದ್ದು ಪಂಚಾಯತ್ ಮಾತ್ರ. 1994ರ ರೆಗ್ಯುಲೇಷನ್ ಪ್ರಕಾರ ಹತ್ತು ದ್ವೀಪಕ್ಕೆ ಹತ್ತು ಪಂಚಾಯತು, ಮೇಲೊಂದು ಜಿಲ್ಲಾ ಪಂಚಾಯತು ಇದ್ದವು. 2021ರಲ್ಲಿ ಏನಾಯಿತೆಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅಡ್ಮಿನಿಸ್ಟ್ರೇಟರ್ ಪ್ರಫುಲ್ ಖೋಡಾ ಪಟೇಲ್ ಅವರ ಕಾಲದಲ್ಲಿ ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ, ಮೀನುಗಾರಿಕೆಯ ಅಧಿಕಾರವನ್ನು ಜಿಲ್ಲಾ ಪಂಚಾಯತಿನಿಂದ ತೆಗೆದರು. ಯೋಜನೆಗೆ ಬೇಕೆಂದರೆ ಯಾರದೇ ಭೂಮಿಯನ್ನು ತೆಗೆದುಕೊಳ್ಳಬಹುದಾದ ಅಭಿವೃದ್ಧಿ ಪ್ರಾಧಿಕಾರದ ಕರಡು ಬಂತು. ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವರು ಪಂಚಾಯತಿಗೆ ನಿಲ್ಲಬಾರದು ಎಂಬ ಕರಡು ಬಂತು. ಅಪರಾಧ ಬಹಳ ಕಡಿಮೆ ಇರುವ ಕಡೆ ವಿಚಾರಣೆಯಿಲ್ಲದೆ ಬಂಧಿಸುವ ಕಾನೂನಿನ ಕರಡೂ ಬಂತು. ಜನ ಮನೆಯಂಗಳದಲ್ಲೇ ಉಪವಾಸ ಕುಳಿತು ಪ್ರತಿಭಟಿಸಿದರು. ಅದೇ ಸಮಯದಲ್ಲಿ ಸರಕು ಬೇಪೂರಿನ ಬದಲು ಮಂಗಳೂರಿನಿಂದ ಹೋಗಲಿ ಎಂಬ ಸೂಚನೆಯೂ ಹೊರಟಿತು. ನಮ್ಮಲ್ಲಿ ಕೆಲವರಿಗೆ ಖುಷಿಯಾಯಿತು. ವ್ಯಾಪಾರ ಬಂದರೆ ಬೇಡ ಎನ್ನುವವನಲ್ಲ ನಾನು. ಆದರೆ ಯಾವ ಬಂದರಿನಲ್ಲಿ ತಮಗೆ ನೆಂಟಸ್ತಿಕೆ, ಭಾಷೆ, ಪರಿಚಯದ ಅಂಗಡಿ ಇದೆ ಎಂದು ದ್ವೀಪದವರಿಗೆ ಗೊತ್ತು. ಅದನ್ನು ಅವರನ್ನು ಕೇಳದೆ ತೀರ್ಮಾನಿಸಿದ್ದು ತಪ್ಪು. ನಮಗೆ ಲಾಭವಾದರೂ ತಪ್ಪು ತಪ್ಪೇ.

2025ರ ಜುಲೈಯಲ್ಲಿ ಬಿತ್ರದ ಸುದ್ದಿ ಬಂತು. ನಮ್ಮ ಹಳೆಯ ಐದರಲ್ಲಿ ಅದೂ ಒಂದು. ಹತ್ತಿರ ಹತ್ತಿರ ಹತ್ತು ಹೆಕ್ಟೇರ್ ನೆಲ. ನಮ್ಮ ಒಂದು ದೊಡ್ಡ ಅಡಿಕೆ ತೋಟದಷ್ಟು. 2011ರಲ್ಲಿ 271 ಜನ. ಸುತ್ತ ಮಾತ್ರ 45 ಚದರ ಕಿಲೋಮೀಟರಿಗೂ ಹೆಚ್ಚಿನ ಲಗೂನ್, ಸುತ್ತಲಿನ ದ್ವೀಪಗಳವರೂ ಬಂದು ಮೀನು ಹಿಡಿಯುವ ಜಾಗ. ರಕ್ಷಣೆಗಾಗಿ ಇಡೀ ದ್ವೀಪವನ್ನೇ ಪಡೆಯಲು ಸಾಮಾಜಿಕ ಪರಿಣಾಮದ ಅಧ್ಯಯನ ನಡೆಸುವುದಾಗಿ ಆಡಳಿತ ಅಧಿಸೂಚನೆ ಹೊರಡಿಸಿತು. ದೇಶದ ಭದ್ರತೆ ದೊಡ್ಡ ವಿಷಯ, ಒಪ್ಪುತ್ತೇನೆ. ಆದರೆ 4 ಲಕ್ಷ ಚದರ ಕಿಲೋಮೀಟರ್ ಸಮುದ್ರದ ಮೇಲೆ ನಾವು ಹಕ್ಕು ಸಾಧಿಸುವುದು ಅಲ್ಲಿ ನಮ್ಮ ಜನ ನೆಲೆಸಿದ್ದಾರೆ ಎಂಬ ಬಲದಿಂದಲೂ ಹೌದು. ಅವರನ್ನೇ ಎಬ್ಬಿಸುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಕೊನೆಗೆ ಹಡಗು. ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ, ಅದೂ ಚಿಕ್ಕ ವಿಮಾನಕ್ಕೆ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಬಂದು ಇಂಟರ್‌ನೆಟ್ಟು ಸುಧಾರಿಸಿತು. ಆದರೆ ಮಗುವಿನ ಪರೀಕ್ಷೆಗೆ, ಅಜ್ಜಿಯ ಡಯಾಲಿಸಿಸಿಗೆ, ಹೆರಿಗೆಗೆ ಕೇಬಲ್ ಸಾಕಾಗುವುದಿಲ್ಲ, ಹಡಗಿನ ಟಿಕೆಟ್ಟು ಬೇಕು. ಪ್ರಯಾಣಿಕರ ಹಡಗು ಬಹುತೇಕ ಕೊಚ್ಚಿಗೇ. ದ್ವೀಪ ಯಾವುದು ಎಂಬುದರ ಮೇಲೆ ಹದಿನಾಲ್ಕು ಹದಿನೆಂಟು ಗಂಟೆ. ಕಿಲ್ತಾನಿನವರಿಗೋ ಚೆತ್ಲತಿನವರಿಗೋ ಮಂಗಳೂರೇ ಹತ್ತಿರದ ದೊಡ್ಡ ಊರು. ಇಷ್ಟು ಆಸ್ಪತ್ರೆ, ಇಷ್ಟು ಕಾಲೇಜು ಇಟ್ಟುಕೊಂಡಿರುವ ನಾವು ಅವರಿಗೆ ಏನು ಕೊಟ್ಟಿದ್ದೇವೆ? ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆಂದೇ ಪ್ರತ್ಯೇಕ ಜೆಟ್ಟಿಯ ಯೋಜನೆ ಇದೆ. ಅದರ ನಕ್ಷೆಯಲ್ಲಿ ಗೋದಾಮಿನ ಜೊತೆಗೆ ಪ್ರಯಾಣಿಕರಿಗೆ ನೆರಳು, ಶೌಚಾಲಯ, ರೋಗಿಯನ್ನು ಸ್ಟ್ರೆಚರಿನಲ್ಲಿ ಇಳಿಸುವ ಇಳಿಜಾರು, ಮಲಯಾಳ ಬಲ್ಲ ಒಬ್ಬ ಗುಮಾಸ್ತ, ಹಡಗು ತಡವಾದರೆ ರಾತ್ರಿ ತಂಗಲು ಕೋಣೆ ಇರಬೇಕು. ಹಡಗು ವಾರದ ಯಾವ ದಿನ, ಯಾವ ದ್ವೀಪದಿಂದ ಹೊರಡಬೇಕು ಎಂಬುದನ್ನು ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರದವರನ್ನು ಕೇಳಿಯೇ ಗೊತ್ತುಮಾಡಬೇಕು. ಇದನ್ನು ಬಂದರು ಇಲಾಖೆಗೂ ನಮ್ಮ ಶಾಸಕರಿಗೂ ಸಂಸದರಿಗೂ ಬರೆದು ಕೊಡಲು ಇಲ್ಲಿ ಕುಳಿತಿರುವವರಲ್ಲಿ ಯಾರು ಸಿದ್ಧರಿದ್ದೀರಿ? ಅರ್ಜಿಯ ಕರಡು ನನ್ನ ಬಳಿ ಇದೆ, ಸಭೆ ಮುಗಿದ ಮೇಲೆ ಒಟ್ಟಿಗೆ ಕುಳಿತು ತಿದ್ದೋಣ.